ಹಂಡೆ ತರಲು ಹೋಗಿ ಕ್ಯಾಮೆರಾ ತಂದದ್ದು

ಎಕುವಾ: ಇದನ್ನ ಒಲೆ ಮೇಲೆ ಇಟ್ರೆ ಕೆಂಕೆ ಬೇಯತ್ತಾ? ಹೇಳ್ರೀ, ಬೇಯತ್ತಾ?

ಕೋಬಿನಾ: ಅದು ಕ್ಯಾಮೆರಾ ಕಣೆ.

ಎಕುವಾ: ನನಗೂ ಕಣ್ಣಿದೆ. ನಾನು ಕಳಿಸಿದ್ದು ಹಂಡೆ ತರೋಕೆ. ಹಂಡೆಗೆ ಎರಡು ಕಿವಿ ಇರತ್ತೆ, ಇದಕ್ಕೆ ಒಂದೇ ಕಣ್ಣು. ಇಷ್ಟು ವ್ಯತ್ಯಾಸಾನೂ ಗೊತ್ತಾಗ್ಲಿಲ್ವಾ?

ಕಡಲ ದಡದ ನಮ್ಮೂರು ಅನೊಮಾಬುವಿನಲ್ಲಿ ನನ್ನ ಮನೆಗೂ ಎಕುವಾಳ ಮನೆಗೂ ನಡುವೆ ಇರುವುದು ಸಂದಿ ಬಿಟ್ಟ ಒಂದು ಬಿದಿರು ತಡಿಕೆ. ನಾನು ಕದ್ದು ಕೇಳುವವಳಲ್ಲ. ಕೇಳಿಸಬಾರದು ಅಂದರೆ ಊರು ಬಿಡಬೇಕಾಗಿತ್ತು, ಅಷ್ಟೆ. ಅವತ್ತು ಮಂಗಳವಾರ. ಮಂಗಳವಾರ ಕಡಲಿಗೆ ರಜೆ, ಯಾವ ದೋಣಿಯೂ ನೀರಿಗೆ ಇಳಿಯುವಂತಿಲ್ಲ. ಬುಧವಾರ ಬೆಳಿಗ್ಗೆ ಎಲ್ಲ ದೋಣಿಗಳೂ ಒಟ್ಟಿಗೆ ಹೊರಡುವಾಗ ಬೆಸ್ತರು ಎಕುವಾಳ ಹತ್ತಿರ ಬುತ್ತಿಗೆ ಕೆಂಕೆ ಕೊಳ್ಳುತ್ತಾರೆ. ಮುಸುಕಿನ ಜೋಳದ ಹುಳಿಹಿಟ್ಟನ್ನು ಒಣ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮುದ್ದೆ ಅದು. ಇನ್ನೂರು ಮುದ್ದೆ ನೋಡನೋಡುತ್ತಲೇ ಖಾಲಿ. ಹಳೆಯ ಹಂಡೆ ತೂತಾಗಿತ್ತು. ಹಿಟ್ಟು ಹುಳಿ ಬಂದು ಉಕ್ಕುತ್ತಿತ್ತು. ಹೊಸ ಹಂಡೆಗೆಂದು ಸೋಮವಾರ ಹೋದ ಗಂಡ, ಬಡಗಿ ಕೋಬಿನಾ, ನಮ್ಮ ಕಡೆ ‘ಕಾದು-ತಗೋ’ ಅನ್ನುವ ಹಳೇ ಕ್ಯಾಮೆರಾ ತಂದು ಮಂಚದಡಿ ಬಚ್ಚಿಟ್ಟಿದ್ದ. ಒತ್ತಿದರೆ ಅದರ ಬಾಯಿಂದ ಹಾಳೆ ಬರುತ್ತದೆ, ಕಾದರೆ ಚಿತ್ರ ಮೂಡುತ್ತದೆ. ಮಂಚದಡಿ ಗುಡಿಸುವಾಗ ಎಕುವಾಳ ಪೊರಕೆಗೆ ಅದು ಸಿಕ್ಕಿತು.

ಕೋಬಿನಾ: ಹಳೇ ಕಾಲದ ಮಾಲು ಕಣೆ. ಈಗ ಎಲ್ಲೂ ಸಿಗಲ್ಲ.

ಎಕುವಾ: ನಿಮಗೂ ಸಿಗದೇ ಇದ್ದಿದ್ರೆ ಚೆನ್ನಾಗಿತ್ತು.

ಕೋಬಿನಾ: ಫೀಫಿ ದಡದಲ್ಲಿ ಹಳೇ ಸಾಮಾನು ಹರಡ್ಕೊಂಡಿದ್ದ. ಇದು ಒಂದೇ ಇತ್ತು. ಇನ್ಯಾರೋ ನೋಡ್ತಾ ನಿಂತಿದ್ದ. ಅವನು ತಗೊಂಡ್ಬಿಟ್ರೆ ಅಂತ...

ಎಕುವಾ: ಅವನು ತಗೊಂಡಿದ್ರೆ ಈಗ ಅವನ ಹೆಂಡ್ತಿ ಕೂಗಾಡ್ತಿದ್ಲು, ನಾನು ಹೊಸ ಹಂಡೆ ತೊಳೀತಿದ್ದೆ. ಸರಿ, ಇದರಲ್ಲಿ ಎಷ್ಟು ಫೋಟೋ ಬರತ್ತೆ?

ಕೋಬಿನಾ: ಹತ್ತು.

ಎಕುವಾ: ಆಮೇಲೆ?

ಕೋಬಿನಾ: ಆಮೇಲೆ ಬೇರೆ ಫಿಲ್ಮು ಹಾಕ್ಬೇಕು.

ಎಕುವಾ: ಅದು ಎಲ್ಲಿ ಸಿಗತ್ತೆ?

ಕೋಬಿನಾ: (ಹುರಿದ ಮೀನು ಮುರಿದು ಬಾಯಿಗಿಡುತ್ತ) ಆಹಾ, ಇವತ್ತು ಮೀನು ಏನ್ ತಾಜಾ ಇದೆ ಕಣೆ! ಬೆಣ್ಣೆ, ಬೆಣ್ಣೆ!

ಎಕುವಾ: ಮಾತು ಮರೆಸ್ಬೇಡಿ. ಫಿಲ್ಮು ಎಲ್ಲಿ ಸಿಗತ್ತೆ?

ಕೋಬಿನಾ: ಅಷ್ಟು ದೊಡ್ಡ ಪಟ್ಟಣ ಅಕ್ರಾದಲ್ಲೂ ಇಲ್ವಂತೆ.

ಎಕುವಾ: ಅಯ್ಯೋ ನನ್ನ ಹಣೆಬರಹವೇ! ಆ ಹತ್ತಾದ್ರೂ ತೋರ್ಸಿ.

ಕೋಬಿನಾ ಅಂಗಿ ಜೇಬಿನಿಂದ ಫೋಟೋಗಳನ್ನು ತೆಗೆದು ಚಾಪೆಯ ಮೇಲೆ ಒಂದೊಂದಾಗಿ ಇಟ್ಟ.

ಎಕುವಾ: ಇದೇನಿದು, ಗೆಣಸು?

ಕೋಬಿನಾ: ನನ್ನ ಹೆಬ್ಬೆರಳು.

ಎಕುವಾ: ಇದು?

ಕೋಬಿನಾ: ಅದೂ ಹೆಬ್ಬೆರಳೇ. ಸ್ವಲ್ಪ ದೂರದಿಂದ.

ಎಕುವಾ: ಮತ್ತೆ ಇದು?

ಕೋಬಿನಾ: ಅದು ನೀನು! ನಿನ್ನೆ ಮಧ್ಯಾಹ್ನ ಮಲಗಿದ್ದೆಯಲ್ಲ, ಆವಾಗ.

ಎಕುವಾ: ನನ್ನ ಮುಖ ಎಲ್ಲಿ?

ಕೋಬಿನಾ: ಹೆಬ್ಬೆರಳ ಹಿಂದೆ.

ಒಂಬತ್ತರಲ್ಲಿಯೂ ಅದೇ ಹೆಬ್ಬೆರಳು. ಬಡಗಿಯ ಹೆಬ್ಬೆರಳು ಅಂದರೆ ಸಣ್ಣ ಸೈಜಿನದ್ದಲ್ಲ. ಹತ್ತನೆಯ ಹಾಳೆ ಮಾತ್ರ ಬರೀ ಬೂದಿ ಬಣ್ಣ.

ಕೋಬಿನಾ: ಇದನ್ನ ಇವತ್ತು ಬೆಳಕು ಹರಿಯೋವಾಗ ಕಡಲ ಕಡೆ ತಿರುಗಿಸಿ ಹೊಡೆದೆ. ಮಂಜು ಮುಸುಕಿತ್ತು. ಇನ್ನೂ ಮೂಡಿಲ್ಲ. ಹಳೇ ಫಿಲ್ಮು, ಇಡೀ ದಿನ ಹಿಡಿಯತ್ತೆ ಅಂದಿದಾನೆ ಫೀಫಿ.

ಎಕುವಾ: ರೀಲೇ ಸಿಗದ ಕ್ಯಾಮೆರಾ ಮಾರಿ, ಮೇಲೆ ನಿಮಗೆ ರೀಲು ಬೇರೆ ಬಿಟ್ಟಿದಾನೆ!

ಕೋಬಿನಾ: ನನಗೂ ಬೇಜಾರಾಗಿದೆ ಕಣೆ, ತಪ್ಪು ಮಾಡಿಬಿಟ್ಟೆ. ನಮ್ಮಮ್ಮಂದು ನನ್ನ ಹತ್ರ ಇರೋದು ಒಂದೇ ಫೋಟೋ. ಅದನ್ನ ಇಂಥದ್ದರಲ್ಲೇ ತೆಗೆದಿದ್ದು. ನೋಡಿದ ತಕ್ಷಣ ಮನಸ್ಸು ತಡೀಲಿಲ್ಲ.

ಎಕುವಾ ಇನ್ನೊಂದು ಮೀನು ಅವನ ತಟ್ಟೆಗೆ ಹಾಕಿದಳು.

ಎಕುವಾ: ತಿನ್ನಿ. ಫೀಫಿಗೆ ಹೇಳಿ ಕಳಿಸಿದೀನಿ, ಬರ್ತಾನೆ.

ಹೇಳಿ ಬಂದವಳು ನಾನೇ. ಫೀಫಿಗೆ ಸ್ವಂತ ದೋಣಿಯಿದೆ. ಹಳೇ ಸಾಮಾನು ಮಾರುವುದು ಬಿಡುವಿನ ಕಸುಬು. ಹಲ್ಲು ಕಿರಿಯುತ್ತಲೇ ಬಂದ.

ಎಕುವಾ: ಬಾಪ್ಪಾ. ಈ ಕ್ಯಾಮೆರಾ ವಾಪಸ್ ತಗೋ, ನಮ್ಮ ಹಂಡೆ ದುಡ್ಡು ಕೊಟ್ಬಿಡು.

ಫೀಫಿ: ಅಕ್ಕಾ, ಮಾರಿದ್ದು ಮಾರಿದ್ದೇ. ನಾನು ಕೆಂಕೆ ತಿಂದು ಬಾಳೆಲೆ ವಾಪಸ್ ಕೊಟ್ರೆ ನೀವು ದುಡ್ಡು ಕೊಡ್ತೀರಾ? ಭಾವ ಹತ್ತಕ್ಕೆ ಹತ್ತೂ ಹೊಡೆದು ಮುಗಿಸಿದಾರೆ.

ಎಕುವಾ: ಹತ್ತನೇದು ಬಂದೇ ಇಲ್ಲ.

ಫೀಫಿ: ಬರತ್ತೆ ಅಕ್ಕಾ! ಕಾದು-ತಗೋ ಅಂದ ಮೇಲೆ ಕಾಯ್ಬೇಕು. ಸಂಜೆ ಹೊತ್ತಿಗೆ ಕನ್ನಡಿ ಥರ ಮೂಡತ್ತೆ. ನನ್ನ ಮಾತು ಸುಳ್ಳಾದ್ರೆ ಕೇಳಿ.

ಎಕುವಾ ಬೂದಿ ಬಣ್ಣದ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಕಣ್ಣು ಕಿರಿದು ಮಾಡಿದಳು.

ಎಕುವಾ: ಅರೆ! ನಿನ್ನ ಮಾತು ನಿಜ ಕಣೋ. ಮೂಡ್ತಾ ಇದೆ. ರೀ, ಇದನ್ನ ಹೊಡೆದಿದ್ದು ಯಾವಾಗ ಅಂದ್ರಿ?

ಕೋಬಿನಾ: ಇವತ್ತು ಬೆಳಿಗ್ಗೆ.

ಎಕುವಾ: ಅಂದ್ರೆ ಮಂಗಳವಾರ. ನೀರು ಕಾಣ್ತಿದೆ... ನೀರಿನ ಮೇಲೆ ಉದ್ದಕ್ಕೆ ಏನೋ... ಅಯ್ಯೋ ದೇವರೇ, ದೋಣಿ!

ಕೋಬಿನಾ: ಎಲ್ಲೇ? ನನಗೆ ಬರೀ ಬೂದಿ... ಅಮ್ಮಾ!

ಎಕುವಾಳ ಹಿಮ್ಮಡಿ ಅವನ ಕಾಲ್ಬೆರಳ ಮೇಲಿತ್ತು. ಫೀಫಿಯ ಹಲ್ಲು ಒಳಗೆ ಹೋಯಿತು.

ಫೀಫಿ: ಕೊಡಿ ಅಕ್ಕಾ, ನೋಡೋಣ.

ಎಕುವಾ: ಮುಟ್ಬೇಡ, ಹಸಿ ಇದೆ. ದೋಣಿ ಮೇಲೆ ಕೆಂಪಕ್ಷರಾನೂ ಇದೆ. ‘ತಾ’... ‘ತಾಳ್’...

ಫೀಫಿಯ ದೋಣಿಯ ಹೆಸರು ‘ತಾಳ್ಮೆ’ ಅಂತ ಊರಿಗೆಲ್ಲ ಗೊತ್ತು.

ಎಕುವಾ: ಪೂರ್ತಿ ಓದೋಕೆ ಆಗ್ತಿಲ್ಲ. ನಮ್ಮ ಸೋದರಮಾವನಿಗೆ ತೋರಿಸ್ತೀನಿ, ಅವರ ಕಣ್ಣು ಇನ್ನೂ ಚೆನ್ನಾಗಿದೆ.

ಅವಳ ಸೋದರಮಾವ ಊರ ಬೆಸ್ತರಿಗೆಲ್ಲ ಯಜಮಾನ. ಮಂಗಳವಾರ ಕಡಲಿಗೆ ಇಳಿದವನಿಗೆ ಅವರು ಹಾಕುವ ದಂಡ ಒಂದು ಕುರಿ, ಎರಡು ಬಾಟಲಿ ಜಿನ್ನು. ದೋಣಿ ಒಂದು ತಿಂಗಳು ದಡದ ಮೇಲೆ.

ಫೀಫಿ: ಅಕ್ಕಾ, ಬೆಳಿಗ್ಗೆ ನೀವೇ ಅಲ್ವಾ...

ಎಕುವಾ: ನಾನೇ ಏನಪ್ಪಾ? ಈ ಫೋಟೋದಲ್ಲಿ ನಾನಿದೀನಾ?

ಫೀಫಿ: ಇಲ್ಲ.

ಎಕುವಾ: ಮತ್ತೆ ಯಾರಿದಾರೆ?

ಫೀಫಿ: ಎಷ್ಟು ದೊಡ್ಡ ಹಂಡೆ ಬೇಕಿತ್ತಕ್ಕಾ?

ಎಕುವಾ: ಇನ್ನೂರು ಕೆಂಕೆ ಹಿಡಿಯೋವಂಥದ್ದು. ಮುಚ್ಚಳ ಸಮೇತ.

ಒಲೆಗೆ ಸೌದೆ ಇಟ್ಟು ಹೊತ್ತಿಸುವಷ್ಟರಲ್ಲಿ ಫೀಫಿ ಹೊಸ ಹಂಡೆ ತಲೆಯ ಮೇಲೆ ಹೊತ್ತು ತಂದ. ಕ್ಯಾಮೆರಾ ಕಂಕುಳಿಗೆ ಸಿಕ್ಕಿಸಿಕೊಂಡ. ಎಕುವಾ ಕೊಟ್ಟ ಹತ್ತನೆಯ ಹಾಳೆಯನ್ನು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಮುಖ ತಿರುಗಿಸಿಕೊಂಡು ಒಲೆಗೆ ಎಸೆದು ಹೊರಟುಹೋದ.

ಕೋಬಿನಾ: ಏನ್ ಕಣ್ಣೇ ನಿಂದು! ನನಗೆ ದೋಣಿ ಇರಲಿ, ಒಂದು ಗೆರೆಯೂ ಕಾಣ್ಲಿಲ್ಲ.

ಎಕುವಾ: ಇದ್ರೆ ತಾನೇ ಕಾಣೋದು! ಮೂಲೇಲಿ ನಿಮ್ಮ ಹೆಬ್ಬೆರಳು ಮೂಡ್ತಾ ಇತ್ತು, ಅಷ್ಟೇ.

ಕೋಬಿನಾ: ಹಾಗಾದ್ರೆ ಫೀಫಿ ಕಡಲಿಗೆ ಇಳಿದಿದ್ದು ನಿನಗೆ ಹೇಗೆ ಗೊತ್ತಾಯ್ತು? ಸಾಕ್ಷಿಯೇ ಇಲ್ದೆ ಒಬ್ಬನ ಮೇಲೆ...

ಎಕುವಾ: ಸಾಕ್ಷೀನ ಬೆಳಿಗ್ಗೆ ಅವನ ಹತ್ರಾನೇ ಕೊಂಡಿದ್ದೆ ಕಣ್ರೀ. ಬೆಣ್ಣೆ ಬೆಣ್ಣೆ ಅಂತ ಎರಡೂ ತಿಂದು ಮುಗಿಸಿದ್ರಲ್ಲ.

ಕೋಬಿನಾ ತಟ್ಟೆಯಲ್ಲಿದ್ದ ಮುಳ್ಳುಗಳನ್ನು ನೋಡಿದ, ಬಾಗಿಲ ಕಡೆ ನೋಡಿದ, ಮುಳ್ಳುಗಳನ್ನು ಬಾಚಿ ಒಲೆಗೆ ಹಾಕಿದ.

ಅವತ್ತು ಬೆಳಿಗ್ಗೆ ತಡಿಕೆಯ ಮೇಲಿಂದ ನನಗೂ ಒಂದು ಮೀನು ಬಂದಿತ್ತು. ಅದಕ್ಕೇ ಇಷ್ಟು ವರ್ಷ ಈ ಕಥೆಯನ್ನು ಯಾರಿಗೂ ಹೇಳಿರಲಿಲ್ಲ.