ಇತರೆ ಎಂಬ ಕಾಯಿಲೆ

ದಣಿವಿಗೂ ರೋಗಗಳ ಪುಸ್ತಕದಲ್ಲಿ ಒಂದು ಸಂಖ್ಯೆ ಇದೆ. ಆ ಪುಸ್ತಕದಿಂದಲೇ ಬರುವ ದಣಿವಿಗೆ ಮಾತ್ರ ಯಾರೂ ಸಂಖ್ಯೆ ಕೊಟ್ಟಿಲ್ಲ. ಮೊಮ್ಮಕ್ಕಳೇ, ಎರಡು ಸಾವಿರದ ಇಸವಿಯ ಆಚೀಚೆ ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಇಳಕಲ್ಲಿನ ಆಸ್ಪತ್ರೆಯವರು ಅವರ ಗುಮಾಸ್ತಿಕೆಯ ಕುರ್ಚಿಯನ್ನು ನನಗೆ ಕೊಟ್ಟರು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ರೋಗಿಯ ಕಾಗದ ನೋಡಿ, ರೋಗದ ಹೆಸರಿನ ಮುಂದೆ ಪುಸ್ತಕದ ಸಂಖ್ಯೆ ಬರೆಯುವುದು ಕೆಲಸ. ಆದರೆ ವರ್ಷಕ್ಕೊಮ್ಮೆ ತಿದ್ದುಪಡಿಯ ಹಾಳೆಗಳು ಬರುತ್ತಿದ್ದವು. ಹೋದ ವರ್ಷ ಒಂದೇ ಆಗಿದ್ದ ಕಾಯಿಲೆ ಈ ವರ್ಷ ಅಣ್ಣತಮ್ಮಂದಿರಂತೆ ಪಾಲಾಗಿ ಬೇರೆ ಬೇರೆ ಸಂಖ್ಯೆಗಳಲ್ಲಿ ಸಂಸಾರ ಹೂಡಿರುತ್ತಿತ್ತು. ಚೀಟಿಯ ಮೇಲೆ ಚೀಟಿ ಅಂಟಿಸಿ ಪುಸ್ತಕ ಕೌದಿಯಾಯಿತು. ರಾಮಥಾಳದ ಹಳ್ಳಿಯವರ ಕೆಮ್ಮು ಮಾತ್ರ ಅದೇ ಬಸ್ಸಿನಲ್ಲಿ, ಅದೇ ಕೆಮ್ಮಾಗಿ ಬರುತ್ತಿತ್ತು.

ಪಾಲಾದ ಕಾಯಿಲೆಯಲ್ಲಿ ರೋಗಿಯದು ಯಾವ ಪಾಲು ಎಂದು ಡಾಕ್ಟರನ್ನು ಕೇಳಬೇಕಿತ್ತು. ಕೆಮ್ಮು, ಮೊಣಕಾಲುಗಳ ಬಗ್ಗೆ ಹೇಗೋ ಕೇಳುತ್ತಿದ್ದೆ. ಹೆಂಗಸರ ತೊಂದರೆಗಳಿಗೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಗುರುವಾರಕ್ಕೊಮ್ಮೆ ಬಾಗಲಕೋಟೆಯಿಂದ ಬರುವ ಡಾಕ್ಟರಬಾಯಿಯ ಮುಂದೆ ಕೂಡ. ಪುಸ್ತಕದಲ್ಲಿ ‘ಇತರೆ’ ಎಂಬ ದಯಾಳು ಸಂಖ್ಯೆಯೊಂದಿತ್ತು. ಆ ಹೆಂಗಸರನ್ನೆಲ್ಲ ಅಲ್ಲಿಗೇ ಕಳಿಸಿಬಿಟ್ಟೆ. “ಅಕ್ಕಾ, ನಿನ್ನ ಇತರೆದಾಗ ಊರ ಹೆಂಗಸರೆಲ್ಲಾ ಕುಂತಾರ, ಇನ್ನೊಂದು ಚಾಪಿ ಹಾಸು,” ಎಂದು ಆಯಾ ಮೆಹಬೂಬಿ ಕಾಡಿಸುತ್ತಿದ್ದಳು.

ಒಂದು ಗುರುವಾರ ವ್ಯವಸ್ಥಾಪಕರು ಕರೆದರು. “ಅಕ್ಕಾರ, ವರ್ಷದ ಪಟ್ಟಿಯೊಳಗ ಹೆಂಗಸರ ರೋಗದವರು ನಾಕೈದು ಮಂದಿ ಅದಾರ. ಡಾಕ್ಟರಬಾಯಾರನ್ನ ಯಾಕ ಕರಸೂದು? ಮುಂದಿನ ತಿಂಗಳಿಂದ ಬಂದ್ ಮಾಡೂಣು.” ಅವರು ಪಟ್ಟಿ ನೋಡುವವರು, ಪಡಸಾಲೆ ನೋಡುವವರಲ್ಲ. ಅಲ್ಲಿ ಸೀರೆಮಗ್ಗದ ನೂಲು ಸುತ್ತುವುದನ್ನು ಬಿಟ್ಟು ಬಂದ ಹೆಂಗಸರು ಸೆರಗು ಹೊದ್ದು ಗೋಡೆಯುದ್ದಕ್ಕೂ ಕುಳಿತಿದ್ದರು. ಇನ್ನು ಅವರು ಯಾರಿಗೆ ಹೇಳಿಕೊಳ್ಳಬೇಕು?

“ಎಲ್ಲಾರೂ ಇತರೆದಾಗ ಅದಾರ್ರಿ,” ಎಂದೆ.

“ಇತರೆ ಅಂದ್ರ ಯಾವ ರೋಗರೀ?”

ಪಕ್ಕದ ಮೇಜಿನ ಇಬ್ಬರು ಗುಮಾಸ್ತರು ಕಿವಿ ನಿಮಿರಿಸಿದರು. ಚಹಾ ತಂದಿದ್ದ ಮೆಹಬೂಬಿ, “ನೀ ಹೇಳ್ತಿಯೋ, ನಾ ಹೇಳಲ್ಯೋ?” ಎಂದಳು. ಅವಳು ಹೇಳಿದರೆ ಹುನಗುಂದದವರೆಗೆ ಕೇಳಿಸುತ್ತದೆ. ನೆಲ ನೋಡುತ್ತ ನಾನೇ ಶುರು ಮಾಡಿದೆ. ನಿಲ್ಲದ ಮುಟ್ಟು, ಬಿಳುಪು ಹೋಗುವುದು, ಜಾರಿದ ಗರ್ಭಕೋಶ, ಒಂದನ್ನೂ ಬಿಡಲಿಲ್ಲ. ಗುಮಾಸ್ತರಿಗೆ ಫ್ಯಾನಿನ ರೆಕ್ಕೆಗಳ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ವ್ಯವಸ್ಥಾಪಕರು ಕನ್ನಡಕ ತೆಗೆದು ಒರೆಸಿ, ಮತ್ತೆ ಒರೆಸಿ, “ಸಾಕ್ರಿ ಅಕ್ಕಾರ, ಗುರುವಾರ ಇರ್ಲಿ. ಆದ್ರ ಆ ಪಟ್ಟಿ ಪೂರಾ ತಿದ್ದ್ರಿ,” ಎಂದರು.

ವಾರಗಟ್ಟಲೆ ಹೊಸ ಹಾಳೆ ಹಿಡಿದು ಡಾಕ್ಟರಬಾಯಿಯ ಪಕ್ಕ ಕುಳಿತು ತಿದ್ದಿದೆ. ಅವರಿಗೆ ಹೊಸ ಸಂಖ್ಯೆಗಳು ಬಾಯಿಪಾಠವಾದವು. ನನ್ನ ತಲೆಯಲ್ಲಿ ಹಳೆಯವೇ ಉಳಿದವು. ಕೆಲಸ ಮುಗಿದ ದಿನ ನಾನೂ ಪಡಸಾಲೆಯ ಸಾಲಿನಲ್ಲಿ ಕುಳಿತೆ. ಎರಡು ವರ್ಷದಿಂದ ಯಾರಿಗೂ ಹೇಳದ ತೊಂದರೆ ನನಗೂ ಇತ್ತು. ಆದರೆ ನನ್ನ ಧೈರ್ಯವೆಲ್ಲ ಆ ಗುರುವಾರವೇ ಖರ್ಚಾಗಿತ್ತು. ಚೀಟಿಯಲ್ಲಿ ನನ್ನ ತೊಂದರೆಯ ಸಂಖ್ಯೆಯನ್ನಷ್ಟೇ ಬರೆದು ಅವರ ಮುಂದಿಟ್ಟು ತಲೆ ತಗ್ಗಿಸಿದೆ.

ಡಾಕ್ಟರಬಾಯಿ ಓದಿ ನಕ್ಕರು. “ಅಕ್ಕಾರ, ಇದು ಹೋದ ವರ್ಷದ್ದು. ಈಗ ಇದು ಮೂರು ಪಾಲು ಆಗೇತಿ. ನಿಮ್ಮದು ಯಾವುದು, ಬಾಯಿಲೇ ಹೇಳ್ರಿ.”