ಕೊನೆಯ ತಾಟು ಏಳುವ ತನಕ

ಪ್ರಯಾಣಕ್ಕೆ ಹೊರಟಾಗ ಕೆಲವರಿಗೆ ಬೆಕ್ಕು ಅಡ್ಡ ಬರುತ್ತದೆ, ಕೆಲವರಿಗೆ ಹಾವು. ನಮಗೆ ಉಣ್ಣುವವರು ಅಡ್ಡ ಬರುತ್ತಾರೆ. ಎಲ್ಲಿ ಗಾಡಿ ನಿಲ್ಲಿಸಿದರೂ ಇದು ತಪ್ಪಿದ್ದಲ್ಲ.

ನಮ್ಮವರು ಮರಾಠಿ ಸೀಮೆಯ ಚಿಂಚವಡದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಅಡಿಗೆ ಮಾಡಿದವರು. ಒಂದು ಪಾಳಿಗೆ ಆರುನೂರು ತಾಟು. ಅಲ್ಲಿ ಅವರದೊಂದು ಕಟ್ಟಳೆ ಇತ್ತು. ಕೊನೆಯ ತಾಟು ಏಳುವ ತನಕ ಅಡಿಗೆಯವನು ಉಣ್ಣಬಾರದು, ಜಾಗ ಬಿಡಬಾರದು. ಈ ಕಟ್ಟಳೆ ಯಾರು ಮಾಡಿದ್ದು ಎಂದು ಒಮ್ಮೆ ಕೇಳಿದೆ. ತಾವೇ ಮಾಡಿದ್ದು ಎಂದರು. ಮದುವೆಯಲ್ಲಿ ಭೂಮದ ಊಟಕ್ಕೆಂದು ನಮ್ಮಿಬ್ಬರನ್ನೂ ಒಂದೇ ತಾಟಿಗೆ ಕೂಡಿಸಿದ್ದರು. ಆಮೇಲೆ ನಾವು ಜೊತೆಗೆ ಕೂತು ಉಂಡದ್ದೇ ಇಲ್ಲ. ರಜೆಯ ದಿನವೂ ಇವರು ಸೌಟು ಹಿಡಿದು ನನ್ನ ತಲೆಯ ಮೇಲೆ ನಿಂತಿರುತ್ತಿದ್ದರು. ಆರುನೂರು ಮಂದಿಯ ಪಾಲಿನ ಒತ್ತಾಯವೆಲ್ಲ ನನ್ನೊಬ್ಬಳ ಮೇಲೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕ್ಯಾಂಟೀನು ಗುತ್ತಿಗೆಗೆ ಹೋಯಿತು. ಇವರು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು. ಒಬ್ಬರೇ ಬರಲಿಲ್ಲ. ಊಟದ ದೊಡ್ಡ ಡಬರಿ ಪಾತ್ರೆಗಳನ್ನು ಸಾಗಿಸುತ್ತಿದ್ದ ಹಳೆಯ ಟೆಂಪೊವನ್ನು, ಒಂದು ಡಬರಿಯ ಸಮೇತ, ಗುಜರಿಗೆ ಹೋಗುವುದರಿಂದ ತಪ್ಪಿಸಿ ತಂದರು. ಹಿಂದೆ ಹಲಗೆ ಬಡಿದು ಮಲಗುವ ಜಾಗ ಮಾಡಿದರು. ಒಂದು ಮೂಲೆಗೆ ಒಲೆ, ಇನ್ನೊಂದಕ್ಕೆ ಪಾತ್ರೆಯ ಕಪಾಟು. ಇನ್ನು ಇಬ್ಬರೂ ಊರೂರು ನೋಡೋಣ ಎಂದರು. ನಾನು ಒಂದೇ ಒಂದು ಷರತ್ತು ಹಾಕಿದೆ.

"ಒಂದೇ ಒಂದ್ ಸಲ ಇಬ್ಬರೂ ಕೂಡಿ ಕುಂತು ಉಣ್ಣಬೇಕ್ರಿ. ನಾವಿಬ್ಬರ."

"ಅದೇನ್ ದೊಡ್ಡ ಮಾತು" ಎಂದರು.

ಅದು ದೊಡ್ಡ ಮಾತು ಎಂದು ತಿಳಿಯುವುದಕ್ಕೆ ನಾಲ್ಕು ಪ್ರವಾಸ ಬೇಕಾದವು.

೧. ಒಂದು ಮುಷ್ಟಿ ಉಪ್ಪು

ಮೊದಲನೇ ಪ್ರವಾಸ ಬಾರಾಮತಿಯ ಕಡೆಗೆ. ಕಾಲುವೆಯ ದಂಡೆಯಲ್ಲಿ ಜಾಲಿ ಮರದ ನೆರಳು ನೋಡಿ ನಿಲ್ಲಿಸಿದೆವು. ಉಪ್ಪಿಟ್ಟು ಮಾಡುತ್ತೇನೆ, ನೀನು ಸುಮ್ಮನೆ ಕೂಡು ಎಂದರು. ಕೂತೆ. ನೀರು ಕುದಿಯಿತು. ಇವರು ಡಬ್ಬಿಗೆ ಕೈ ಹಾಕಿ ಮುಷ್ಟಿ ತುಂಬ ಉಪ್ಪು ತೆಗೆದು ನೀರಿಗೆ ಬಿಟ್ಟರು.

ಉಪ್ಪು ಜಾಸ್ತಿಯಾಯಿತಲ್ಲ ಎಂದೆ. ಅವರು ತಿರುಗಿಯೂ ನೋಡಲಿಲ್ಲ.

"ಉಪ್ಪು ಯಾವತ್ತೂ ಜಾಸ್ತಿ ಆಗೂದಿಲ್ಲ. ಉಳದದ್ದು ಕಮ್ಮಿ ಆಗಿರ್ತದ."

ಉಪ್ಪಿಗೆ ತಕ್ಕಷ್ಟು ನೀರು ಸುರಿದರು, ನೀರಿಗೆ ತಕ್ಕಷ್ಟು ರವೆ ಸುರಿದರು. ನಾಲ್ಕು ದಿನಕ್ಕೆಂದು ತಂದಿದ್ದ ರವೆ ಅಷ್ಟೂ ಒಂದೇ ಹೊತ್ತಿಗೆ ಡಬರಿ ಸೇರಿತು. ಆಮೇಲೆ ಉಪ್ಪಿಟ್ಟನ್ನೂ ನನ್ನನ್ನೂ ನೋಡಿ, ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರನ್ನು ಕೂಗಿದರು. ಇಪ್ಪತ್ತು ಮಂದಿ ಬಂದರು. ಇವರು ಬಡಿಸುತ್ತ ನಿಂತರು. ಕೊನೆಯವರು ಕೈ ತೊಳೆಯುವ ಹೊತ್ತಿಗೆ ಡಬರಿಯ ತಳದಲ್ಲಿ ಸೀಕು ಮಾತ್ರ ಉಳಿದಿತ್ತು. ಅದನ್ನು ಇವರು ನಿಂತೇ ಕೆರೆದು ತಿಂದರು. ನಾನು ಬಾಳೆಹಣ್ಣು ತಿಂದೆ.

ಹೋಗುವಾಗ ಒಬ್ಬ ಮುದುಕಿ ನನ್ನ ಹತ್ತಿರ ಬಂದು, ನಿನ್ನ ಗಂಡನ ಕೈಗುಣ ಚೆನ್ನಾಗಿದೆ ಮಗಳೇ, ಉಪ್ಪು ಮಾತ್ರ ಸ್ವಲ್ಪ ಕಮ್ಮಿ ಆಯಿತು ಎಂದಳು.

೨. ಚಿರತೆ

ನಾನೂ ಸುಮ್ಮನೆ ಬಿಡುವವಳಲ್ಲ. ಊರಿಗೆ ಬಂದವಳೇ ತುಳಶೀಬಾಗಿನ ಪಾತ್ರೆ ಪೇಟೆಗೆ ಹೋಗಿ ಇಬ್ಬರಿಗೆ ಸಾಲುವಷ್ಟು ಸಣ್ಣ ಪಾತೇಲಿ ತಂದೆ. ಡಬರಿಯನ್ನು ನೆರೆಮನೆಯವರ ಮಂಚದ ಕೆಳಗೆ ಅಡಗಿಸಿ ಇಟ್ಟೆ. ಉಪ್ಪಿಗೆ ಚಮಚ ಕೊಟ್ಟೆ.

ಈ ಸಲ ಜುನ್ನರದ ಕಡೆ ಹೋದೆವು. ಇವರು ಸಣ್ಣ ಪಾತೇಲಿಯಲ್ಲಿ ಅನ್ನ ಮಾಡಿದರು. ನನಗೆ ಸಮಾಧಾನವಾಯಿತು. ಆ ಅನ್ನವನ್ನು ತೊಳೆದ ಪಂಚೆಯ ಮೇಲೆ ಹರವಿ ಎರಡನೇ ಸಲ ಅಕ್ಕಿ ಇಟ್ಟರು. ಆಮೇಲೆ ಮೂರನೇ ಸಲ. ಯಾಕೆ ಎಂದು ಕೇಳಿದರೆ, ಪಾತೇಲಿ ಸಣ್ಣದು, ಅದಕ್ಕೇ ಸಲ ಹೆಚ್ಚು ಎಂದರು. ಎಂಟನೇ ಸಲ ಇಳಿಸಿದ ಮೇಲೆ ಕ್ಯಾಂಟೀನಿನ ರೂಢಿಯಂತೆ ಮುಚ್ಚಳದ ಮೇಲೆ ಸೌಟಿನಿಂದ ಢಣಢಣ ಬಾರಿಸಿದರು.

ಆ ಸೀಮೆಯಲ್ಲಿ ಕಬ್ಬಿನ ಹೊಲಕ್ಕೆ ಚಿರತೆ ಬರುತ್ತದೆ. ಬಂದರೆ ಜನ ಡಬ್ಬಿ ಬಾರಿಸುತ್ತಾರೆ. ಇದು ನಮಗೆ ಗೊತ್ತಿರಲಿಲ್ಲ. ಐದೇ ನಿಮಿಷದಲ್ಲಿ ಹತ್ತು ಗಂಡಸರು ಬಡಿಗೆ ಹಿಡಿದುಕೊಂಡು ಓಡಿ ಬಂದು, ಎಲ್ಲಿದೆ ಎಲ್ಲಿದೆ ಎಂದರು. ಇವರು ಅನ್ನ ತೋರಿಸಿದರು. ಬಡಿಗೆಗಳನ್ನು ಟೆಂಪೊಗೆ ಒರಗಿಸಿ ಎಲ್ಲರೂ ಸಾಲಾಗಿ ಕೂತರು. ಸುದ್ದಿ ಊರೊಳಗೆ ಹೋಯಿತು. ಇನ್ನೂ ಮೂವತ್ತು ಜನ ಬಂದರು, ಬಡಿಗೆ ಇಲ್ಲದೆ. ಪಾತೇಲಿ ಮತ್ತೆ ಒಲೆ ಏರಿತು.

ಉಂಡೆದ್ದ ಮೇಲೆ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ ಹೇಳಿದರು. ಚಿರತೆ ಬಂತೆಂದು ಬಾರಿಸಿದರೆ ನಮ್ಮೂರಲ್ಲಿ ಹತ್ತು ಜನರ ಮೇಲೆ ಸೇರುವುದಿಲ್ಲ. ಇನ್ನು ಮೇಲೆ ಅದು ಬಂದಾಗಲೂ ಊಟಕ್ಕೆ ಬನ್ನಿ ಎಂದೇ ಕೂಗುತ್ತೇವೆ.

೩. ಸಾಹೇಬರ ತಪಾಸಣೆ

ಮೂರನೇ ಸಲ ಸಾಸವಡದ ದಾರಿಯಲ್ಲಿ ಒಂದು ಜೀಪು ಬಂದು ನಿಂತಿತು. ಇಳಿದವರು ಯಾವುದೋ ಆಫೀಸಿನ ಸಾಹೇಬರು. ಟೆಂಪೊದ ಮೈಮೇಲೆ 'ಉಪಾಹಾರ' ಎಂಬ ಹಳೆಯ ಅಕ್ಷರ ಇನ್ನೂ ಅಳಿಸಿರಲಿಲ್ಲ. ಹೊಟೇಲಿನ ಪರವಾನಗಿ ತೋರಿಸಿ ಎಂದರು. ಇದು ಹೊಟೇಲಲ್ಲ, ನಮ್ಮ ಮನೆ ಎಂದು ನಾನು ಹೇಳಿದೆ. ಹಾಗಾದರೆ ಇಲ್ಲಿ ಉಣ್ಣುತ್ತ ಕೂತಿರುವ ಈ ಹನ್ನೊಂದು ಜನ ಯಾರು ಎಂದು ಸಾಹೇಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೂ ಅದೇ ತಿಳಿಯಬೇಕಾಗಿತ್ತು.

ನಮ್ಮವರು ಸತ್ಯವನ್ನೇ ಹೇಳಿದರು. ಯಾರೆಂದು ಗೊತ್ತಿಲ್ಲ, ಊಟ ಮುಗಿದ ಮೇಲೆ ಕೇಳಿ ಹೇಳುತ್ತೇನೆ, ಅಷ್ಟರಲ್ಲಿ ನೀವೂ ಕೂಡಿ ಎಂದು ತಾಟು ಇಟ್ಟರು. ಸಾಹೇಬರು ತಪಾಸಣೆಯ ಸಲುವಾಗಿ ಕೂತರು. ಮೂರು ಸಲ ಅನ್ನ ಹಾಕಿಸಿಕೊಂಡರು. ಎದ್ದ ಮೇಲೆ, ಇದು ಹೊಟೇಲಲ್ಲ ಎಂದು ಖಾತ್ರಿಯಾಯಿತು, ಹೊಟೇಲಿನಲ್ಲಿ ಎರಡನೇ ಸಲ ಅನ್ನ ಕೇಳಿದರೇ ಮುಖ ನೋಡುತ್ತಾರೆ ಎಂದು ಹೇಳಿ ಜೀಪು ಹತ್ತಿದರು.

೪. ನಾಲ್ಕು ರೊಟ್ಟಿ

ಆ ರಾತ್ರಿ ನಾನು ಹಲಗೆಯ ಮೇಲೆ ಆಚೆ ಮುಖ ಮಾಡಿ ಮಲಗಿದೆ. ಸಿಟ್ಟಲ್ಲ, ನಿಜವಾಗಿ ಅಳು ಬಂದಿತ್ತು. ಹನ್ನೊಂದು ಜನ ಅಪರಿಚಿತರಿಗೆ ಸಿಕ್ಕದ್ದು ನನಗೆ ಸಿಗಲಿಲ್ಲವಲ್ಲ ಎಂದು. ಇವರಿಗೂ ತಿಳಿದಿರಬೇಕು. ಮುಂದಿನ ಸಲ ಅಡಿಗೆ ನೀನೇ ಮಾಡು, ಜಾಗವೂ ನೀನೇ ನೋಡು ಎಂದರು.

ನೋಡಿದೆ. ಭೋರ ಊರು ದಾಟಿ ಘಾಟಿನ ಮೇಲೆ, ಮನುಷ್ಯರಿರಲಿ, ಮೇಕೆಯೂ ಇಲ್ಲದ ಒಂದು ತಿರುವು. ಸಾಮಾನೂ ಲೆಕ್ಕ ಹಿಡಿದೇ ತಂದಿದ್ದೆ. ನಾಲ್ಕು ರೊಟ್ಟಿಗಾಗುವಷ್ಟು ಜೋಳದ ಹಿಟ್ಟು, ಝುಣಕಕ್ಕೆ ಒಂದು ಹಿಡಿ ಕಡಲೆ ಹಿಟ್ಟು, ಒಂದು ಉಳ್ಳಾಗಡ್ಡಿ, ಕಾಗದದ ಪೊಟ್ಟಣದಲ್ಲಿ ಉಪ್ಪು. ಸೌಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ರೊಟ್ಟಿ ಬಡಿದೆ. ಎರಡು ತಾಟು ಹಾಕಿದೆ. ಇವರು ಕೂತರು. ನಾನೂ ಕೂತೆ.

ಆಗ ಸ್ವಾರಗೇಟ್ ನಿಲ್ದಾಣದಿಂದ ಬಂದ ಬಸ್ಸೊಂದು ತಿರುವಿನಲ್ಲಿ ಒಮ್ಮೆ ನರಳಿ ನಮ್ಮ ಮುಂದೆಯೇ ಕೆಟ್ಟು ನಿಂತಿತು. ನಲವತ್ತು ಜನ ಇಳಿದರು.

ಇವರು ಎದ್ದರು. ಜನರನ್ನು ನೋಡಿದರು, ರೊಟ್ಟಿ ನೋಡಿದರು, ಮತ್ತೆ ಜನರನ್ನು ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅಡಿಗೆ ಕಮ್ಮಿ ಬಿದ್ದದ್ದು ಅವರು ಕಂಡಿದ್ದಿಲ್ಲ. ಕಮ್ಮಿ ಬೀಳುವ ಹಾಗೆ ಲೆಕ್ಕ ಹಿಡಿದು ತಂದವಳು ನಾನೇ.

"ನಾಕ ರೊಟ್ಟಿ ಅವ. ಎಲ್ಲಾರಿಗೂ ಹೆಂಗ ಮಾಡ್ಲಿ?" ಎಂದರು.

ಎರಡು ರೊಟ್ಟಿ ತೆಗೆದುಕೊಂಡು ಹೋಗಿ ಬಸ್ಸಿನ ನೆರಳಲ್ಲಿ ಕೂತಿದ್ದ ಅಜ್ಜಿಯ ಮುಂದೆ ಹಿಡಿದರು. ನಿನ್ನ ಊಟ ಆಯಿತೇನು ಎಂದು ಅಜ್ಜಿ ಕೇಳಿದಳು. ಆಮೇಲೆ ಮಾಡುತ್ತೇನೆ ಎಂದರು. ಅಜ್ಜಿ ಎದ್ದು ನಿಂತಳು.

"ಆಧೀ ಬಸ" ಎಂದಳು. ಮರಾಠಿಯಲ್ಲಿ ಮೊದಲು ಕೂಡು ಎಂದು ಅರ್ಥ. ಇವರಿಗೆ ಹಾಗೆ ಯಾರೂ ಹೇಳಿದ್ದಿಲ್ಲ, ಆದ್ದರಿಂದ ಕೂತುಬಿಟ್ಟರು. ಘಾಟಿನ ಬಸ್ಸು ಹತ್ತುವವರು ಬರಿಗೈಯಲ್ಲಿ ಬರುವುದಿಲ್ಲ. ನಲವತ್ತು ಬುತ್ತಿಯ ಗಂಟುಗಳು ಬಿಚ್ಚಿಕೊಂಡವು. ಶೇಂಗಾ ಚಟ್ನಿ, ಮೊಸರನ್ನ, ಉಪ್ಪಿನಕಾಯಿ ಎಲ್ಲ ನಮ್ಮ ತಾಟಿಗೆ ಬಂದವು. ಕಂಡಕ್ಟರು ನಿಂತು ಬಡಿಸಿದರು. ಉಳಿದವರು ತಮ್ಮ ಬುತ್ತಿಯನ್ನು ನಿಂತಲ್ಲೇ ಉಂಡರು.

ಹೀಗೆ ನಾವಿಬ್ಬರೇ ಕೂತು ಉಂಡೆವು, ನಲವತ್ತು ಜನರ ನಡುವೆ. ಜೊತೆಗೆ ಉಣ್ಣುವಾಗ ಇವರು ನನಗೆ ಏನು ಹೇಳಬಹುದು ಎಂದು ಇಪ್ಪತ್ತೆರಡು ವರ್ಷ ಯೋಚಿಸಿದ್ದೆ. ಇವರು ಝುಣಕ ಬಾಯಿಗಿಟ್ಟುಕೊಂಡು, ಉಪ್ಪು ಸ್ವಲ್ಪ ಜಾಸ್ತಿ ಆಯಿತು ಎಂದರು.

"ಉಪ್ಪು ಜಾಸ್ತಿ ಆಗೂದಿಲ್ರಿ. ಉಳದದ್ದು ಕಮ್ಮಿ ಆಗಿರ್ತದ" ಎಂದೆ.

ಕ್ಯಾಂಟೀನಿನವರಿಗೆ ನಿಂತು ಉಂಡು ರೂಢಿ. ಮೂರು ನಿಮಿಷದಲ್ಲಿ ಇವರ ತಾಟು ಖಾಲಿಯಾಯಿತು. ನಾನಿನ್ನೂ ಅರ್ಧ ರೊಟ್ಟಿಯಲ್ಲಿದ್ದೆ. ಇವರು ಕೈ ತೊಳೆದು ಬಸ್ಸಿನವರ ಕಡೆ ಹೊರಟೇಬಿಟ್ಟರು. ಎಲ್ಲರದೂ ಆಯಿತೇ ಎಂದು ಸುತ್ತಲೂ ನೋಡಿದರು. ಎಲ್ಲರದೂ ಆಗಿತ್ತು. ಉಳಿದ ಕೊನೆಯ ತಾಟು ನನ್ನದು.

ಕಟ್ಟಳೆ ಕಟ್ಟಳೆಯೇ. ತಿರುಗಿ ಬಂದು ನನ್ನ ಎದುರಿಗೆ ಕೂತರು.

"ನಿಂದು ಇನ್ನಾ ಆಗಿಲ್ಲಲ್ಲ?"

"ಆಗ್ತದ್ರಿ, ಕುಂದರ್ರಿ" ಎಂದು ತುತ್ತು ಸಣ್ಣದು ಮಾಡಿದೆ.

ಬಸ್ಸಿನ ಬಿಡಿಭಾಗ ಭೋರದಿಂದ ಬರಬೇಕಿತ್ತು. ಬಂದು ರಿಪೇರಿಯಾಗುವುದಕ್ಕೆ ಎರಡು ತಾಸು ಹಿಡಿಯಿತು. ಬಸ್ಸು ಹೊರಟು ಹೋದಾಗ ನನ್ನ ತಾಟಿನಲ್ಲಿ ಇನ್ನೂ ಎರಡು ತುತ್ತು ರೊಟ್ಟಿ ಇತ್ತು.