ಓಬುಳೇಶನ ತಲೆಗೆ ಎಣ್ಣೆ

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಓಬುಳೇಶನ ಕಟಿಂಗ್ ಶಾಪು. ಅವನ ಕುರ್ಚಿಯಲ್ಲಿ ಕೂತು, ನೆತ್ತಿಗೆ ಎಣ್ಣೆ ತಟ್ಟಿಸಿಕೊಂಡು, ಹಾಗೇ ನಿದ್ದೆಗೆ ಜಾರದ ಗಂಡಸು ಆ ಊರಲ್ಲಿ ಒಬ್ಬನೇ ಒಬ್ಬ. ಅವನು ಓಬುಳೇಶನೇ.

ವರ್ಷಗಟ್ಟಲೆ ನಿಂತೇ ದುಡಿದ ಮನುಷ್ಯನಿಗೆ ಒಂದು ಆಸೆ ಹುಟ್ಟಿದರೆ ತಪ್ಪೇನು ಹೇಳಿ. ಒಂದು ಸಲ ತಾನೂ ಕೂರಬೇಕು, ಇನ್ಯಾರೋ ತನ್ನ ತಲೆ ತಟ್ಟಬೇಕು, ಅಷ್ಟೇ. ಆದರೆ ಅವನಿಗೆ ರಜೆ ಮಂಗಳವಾರ. ಮಂಗಳವಾರ ಈ ಸೀಮೆಯಲ್ಲಿ ಯಾವ ಕಟಿಂಗ್ ಶಾಪೂ ಬಾಗಿಲು ತೆಗೆಯುವುದಿಲ್ಲ. ಬೇರೆ ದಿನ ಊರಲ್ಲೇ ಇನ್ನೊಬ್ಬರ ಅಂಗಡಿಗೆ ಹೋಗಿ ಕೂತರೋ, ‘ಓಬುಳೇಶನೇ ಅಲ್ಲಿಗೆ ಹೋಗ್ತಾನೆ ಅಂದ್ಮೇಲೆ ನಾವ್ಯಾಕೆ ಇಲ್ಲಿಗೆ ಬರಬೇಕು’ ಎಂದು ಗಿರಾಕಿಗಳೆಲ್ಲ ಅತ್ತ ತಿರುಗಿಬಿಡುತ್ತಾರೆ. ಆಮೇಲೆ ಹೊಟ್ಟೆಗೇನು ಮಾಡುವುದು?

ಅದಕ್ಕೇ ಒಂದು ಗುರುವಾರ, “ಹಿಂದೂಪುರದಲ್ಲಿ ನಮ್ಮ ಸೋದರಮಾವಂಗೆ ಸೀರಿಯಸ್ಸು” ಎಂದು ಅಕ್ಕಪಕ್ಕದವರಿಗೆ ಸಾರಿ, ಶೆಟರ್ ಎಳೆದು ಬಸ್ಸು ಹತ್ತಿದ. ಮಾವನೂ ಇಲ್ಲ, ಸೀರಿಯಸ್ಸೂ ಇಲ್ಲ. ನಿಜ ಗೊತ್ತಿದ್ದದ್ದು ಹೆಂಡತಿ ಶೋಭಾರಾಣಿಗೆ ಮಾತ್ರ. “ಹೋಗ್ಬುಟ್ ಬಾ, ಒಂದಿನನಾದ್ರೂ ಸುಖ ಪಡು. ನಿಂಗೆ ಸುಳ್ಳು ಹೇಳಕ್ಕೆ ಬರಕಿಲ್ಲ, ದಾರೀಲಿ ಬಾಯ್ಮುಚ್ಕಂಡಿರು” ಎಂದು ಕಳಿಸಿದ್ದಳು.

ಬಾಯಿ ಮುಚ್ಚಿಕೊಂಡಿರಲು ಬಿಡಬೇಕಲ್ಲ! ಪಕ್ಕದ ಸೀಟಿಗೆ ಬಂದು ಕುಕ್ಕರಿಸಿದವನು ಹುಣಸೆಹಣ್ಣಿನ ವ್ಯಾಪಾರಿ ಬೈರಣ್ಣ, ದಿನ ಬಿಟ್ಟು ದಿನ ಓಬುಳೇಶನ ಹತ್ತಿರ ಗಡ್ಡ ಮಾಡಿಸುವವನು. ಬಹಳ ಒಳ್ಳೆಯವನು. ತೊಂದರೆಯೇ ಅದು.

“ಮಾವಂಗೆ ಏನಾಗೈತಪ್ಪ?”

“ಹೊಟ್ಟೆ... ಅಲ್ಲ, ಎದೆ ಕಣಣ್ಣ.”

“ಹೊಟ್ಟೇನೋ ಎದೇನೋ?”

“ಎರಡರ ಮಧ್ಯ.”

“ಅಯ್ಯೋ ದೇವ್ರೇ! ಅದು ಭಾಳ ಡೇಂಜರ್ ಕಣ್ಲಾ. ನಾನೂ ಬತ್ತೀನಿ, ನೋಡ್ಕಂಡು ಹೋಯ್ತೀನಿ.”

“ನಿಂಗೆ ಹುಣಸೆ ಮಂಡೀಲಿ ಕೆಲ್ಸ ಐತಲ್ಲಣ್ಣ...”

“ಹುಣಸೆಹಣ್ಣು ಎಲ್ಲಿಗೆ ಓಡೋಗ್ತೈತೆ? ಮನುಷ್ಯ ಮುಖ್ಯ ಕಣಪ್ಪ!” ಬೈರಣ್ಣ ಹೊಸ ಸೆಲ್ಲು ತೆಗೆದು, ಮಧ್ಯಾಹ್ನ ಬರುತ್ತೇನೆಂದು ಮಂಡಿಯವರಿಗೆ ಹೇಳಿಯೇಬಿಟ್ಟ.

ಹಿಂದೂಪುರದಲ್ಲಿ ಇಳಿದರೆ ಎದುರಿಗೇ ಒಂದು ದೊಡ್ಡ ಸಲೂನು. ಒಳಗೆ ಯಾರದೋ ತಲೆ ತಟ್ಟುವ ಸದ್ದು ರಸ್ತೆಗೆ ಕೇಳುತ್ತಿತ್ತು. ಓಬುಳೇಶ ಅಲ್ಲೇ ನಿಂತುಬಿಟ್ಟ. ಬೈರಣ್ಣ ರಟ್ಟೆ ಹಿಡಿದು ಎಳೆದ. “ಅತ್ಲಾಗೇನ್ ನೋಡ್ತೀಯ? ಅಲ್ಲಿ ಮಾವ ಸಾಯ್ತಾವ್ನೆ!”

ಬೇರೆ ದಾರಿ ಕಾಣದೆ ಓಬುಳೇಶ ಕಣ್ಣಿಗೆ ಬಿದ್ದ ನರ್ಸಿಂಗ್ ಹೋಮಿಗೆ ನುಗ್ಗಿದ. ಮಾವ ಡಿಸ್ಚಾರ್ಜ್ ಆಗಿ ಹೋದ ಎಂದು ಹೇಳಿ ಜಾರಿಕೊಳ್ಳುವ ಲೆಕ್ಕ ಅವನದು. ಅಷ್ಟರಲ್ಲಿ ಬೈರಣ್ಣ ನರ್ಸಮ್ಮನ ಮುಂದೆ ನಿಂತು, “ಇವ್ರ ಮಾವ ಕಣಮ್ಮ, ಎದೆಗೂ ಹೊಟ್ಟೆಗೂ ಮಧ್ಯ ನೋವು” ಎಂದ.

“ಹೊಟ್ಟೆನೋವಿನ ತಾತನಾ? ಅಗೋ, ಮೂಲೆ ಮಂಚ. ಪಾಪ, ಬಂದಾಗಿಂದ ಒಬ್ರೂ ನೋಡಕ್ಕೆ ಬಂದಿಲ್ಲ. ಎಂಥಾ ಜನಾನಪ್ಪ ನೀವು!”

ಉಗಿಸಿಕೊಂಡು, ಬೆವರುತ್ತ, ಓಬುಳೇಶ ಮೂಲೆ ಮಂಚದ ಹತ್ತಿರ ಹೋಗಿ “ಮಾವಾ...” ಎಂದ. ಗಡ್ಡ ಬೆಳೆದ ಮುದುಕ ಕಣ್ಣು ತೆರೆದ. ಇವನ ಮುಖ ನೋಡಿದ, ಹಿಂದೆ ನಿಂತ ಬೈರಣ್ಣನನ್ನು ನೋಡಿದ, ಬೈರಣ್ಣನಿಗೆ ಕಾಣದಂತೆ ಇವನು ಮುಗಿದ ಕೈಯನ್ನೂ ನೋಡಿದ.

“ಏಮಯ್ಯಾ ಅಲ್ಲುಡೂ, ಈಗ ನೆನಪಾಯ್ತಾ ಮಾವಂದು?” ಎಂದ ಮುದುಕ, ತೆಲುಗಿನಲ್ಲಿ ಅಳಿಯನೆಂದು ಕರೆದು.

ಓಬುಳೇಶನಿಗೆ ಹೋದ ಜೀವ ಬಂತು. ಆದರೆ ಬೈರಣ್ಣ ಬಿಡಬೇಕಲ್ಲ. “ಛೆ ಛೆ, ಊರಿಗೆಲ್ಲ ಗಡ್ಡ ಮಾಡ್ತೀಯ, ಸ್ವಂತ ಮಾವನ್ನ ನೋಡು ಹೆಂಗ್ ಮಲಗ್ಸಿದೀಯ! ನಾಚ್ಕೆ ಆಗಕಿಲ್ವಾ?” ಎಂದವನೇ ಎದುರಂಗಡಿಗೆ ಓಡಿ ರೇಜರು, ಬ್ಲೇಡು, ಸೋಪು, ಜೊತೆಗೆ ಕೊಬ್ಬರಿ ಎಣ್ಣೆ ತಂದೇಬಿಟ್ಟ.

ಗಡ್ಡವಾಯಿತು. ಅಕ್ಕಪಕ್ಕದ ಮಂಚದವರೂ “ನಮ್ದೂ ಒಂದು ಕೈ ನೋಡಣ್ಣ” ಎಂದು ಕೆನ್ನೆ ಒಡ್ಡಿದರು. ಓಬುಳೇಶ ಎಲ್ಲರ ಗಡ್ಡವನ್ನೂ ಬೋಳಿಸಿದ. ಮುಗಿಸಿ ಬಂದರೆ ಮುದುಕ ತಲೆ ಮುಂದಕ್ಕೆ ಚಾಚಿ ಕೂತಿದ್ದ. “ಅಲ್ಲುಡೂ, ತಲೆಗೂ ಒಂದೀಟು ಎಣ್ಣೆ ತಟ್ಬುಡು.”

ಬೈರಣ್ಣ ಎಳನೀರು ತರಲು ಹೊರಗೆ ಹೋದದ್ದೇ ತಡ, ಓಬುಳೇಶ ಎಣ್ಣೆ ತಟ್ಟುತ್ತಲೇ ಪಿಸುಗುಟ್ಟಿದ. “ಯಾರ್ ತಾತ ನೀನು? ನಂಗ್ಯಾಕೆ ಮಾವ ಆದೆ?”

“ನೀನ್ಯಾಕೆ ಅಳಿಯ ಆದೆ, ಅದ್ ಹೇಳು ಮೊದ್ಲು. ಹೆಬ್ಬೆಟ್ಟು ಇನ್ನೊಂಚೂರು ಮೇಲಕ್ಕೆ.”

ದುಃಖ ಒತ್ತರಿಸಿ ಬಂದು ಓಬುಳೇಶ ಎಲ್ಲ ಹೇಳಿಬಿಟ್ಟ. ಅಂಗಡಿ ಮುಚ್ಚಿದ್ದು, ಸುಳ್ಳು ಹೇಳಿದ್ದು, ತಲೆ ತಟ್ಟಿಸಿಕೊಳ್ಳುವ ಆಸೆ, ಎಲ್ಲ.

ಮುದುಕ ಹೊಟ್ಟೆ ಕುಲುಕಿಸಿ ನಕ್ಕ. “ನಂದೂ ಇದೇ ಊರಲ್ಲಿ ಕಟಿಂಗ್ ಶಾಪು ಕಣಪ್ಪ! ಊರಿನ ತಲೆಯೆಲ್ಲ ತಟ್ಟಿ ತಟ್ಟಿ ಸಾಕಾಗಿ, ಹೊಟ್ಟೆನೋವು ಅಂತ ಸುಳ್ಳು ಹೇಳಿ ಇಲ್ಲಿ ಬಂದು ಬಿದ್ಕಂಡಿದೀನಿ. ಎಷ್ಟು ಮಲಗಿದ್ರೂ ಸುಖ ಸಿಕ್ಕಿರ್ಲಿಲ್ಲ. ನನ್ ತಲೆಗೆ ಇನ್ನೊಬ್ರ ಕೈ ಬಿದ್ದಿದ್ದು ಇವತ್ತೇ.”

ಓಬುಳೇಶ ಆಸೆಯಿಂದ ಕೇಳಿದ. “ಹಂಗಾದ್ರೆ ತಾತ, ನಂಗೂ ಒಂದೇ ಒಂದ್ಸಲ...”

ಬಗ್ಗಿ ನೋಡಿದರೆ ಮುದುಕ ಕೂತಲ್ಲೇ ನಿದ್ದೆ ಹೋಗಿದ್ದ. ಅಂಥ ನಿದ್ದೆ ಕೆಡಿಸಲು ಓಬುಳೇಶನಿಗೆ ಕೈ ಬರಲಿಲ್ಲ.

ಹಿಂದಿನಿಂದ ಯಾರೋ ಭುಜ ತಟ್ಟಿದರು. ಬೈರಣ್ಣ ಎಳನೀರು ಕೆಳಗಿಟ್ಟು, ಷರಟು ಬಿಚ್ಚಿ, ಸ್ಟೂಲಿನ ಮೇಲೆ ತಯಾರಾಗಿ ಕೂತಿದ್ದ.

“ನಂಗೂ ತಟ್ಬುಡು ಓಬುಳೇಶ. ಹೆಂಗೂ ಇವತ್ತು ನಿಂಗೆ ರಜಾ.”